ಮೆಟ್ಟಿಲ ಬುಡದಲ್ಲಿಟ್ಟ ಡ್ರಮ್ಮು

ಇಂಗ್ಲೆಂಡಿನ ರಾಕ್ ತಂಡ ಲೆಡ್ ಜೆಪೆಲಿನ್‌ನ ‘ವೆನ್ ದ ಲೆವೀ ಬ್ರೇಕ್ಸ್’ ಹಾಡು ಬರೀ ಡ್ರಮ್ಮಿನಿಂದ ಶುರುವಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಆ ಮೊದಲ ಕೆಲವು ಸೆಕೆಂಡನ್ನಷ್ಟೇ ನಾಲ್ಕೈದು ಸಲ ಕೇಳಿ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಪೆಟ್ಟು ಬಿದ್ದಮೇಲೆ ಅದರ ಬೆನ್ನಿಗೇ ಇನ್ನೊಂದು ಪೆಟ್ಟು ತೇಲಿ ಬರುತ್ತದೆ. ಅದು ಕಾಲಿನದಲ್ಲ, ಯಂತ್ರದ್ದು.

ಇದೇ ಹಾಡನ್ನು ಲೆಡ್ ಜೆಪೆಲಿನ್ ಮೊದಲು ಲಂಡನ್ನಿನ ಐಲ್ಯಾಂಡ್ ಸ್ಟುಡಿಯೋದಲ್ಲಿ ಪ್ರಯತ್ನಿಸಿ, ಸರಿಬಾರದೆ ಕೈಬಿಟ್ಟಿತ್ತು. 1970-71ರ ಚಳಿಗಾಲದಲ್ಲಿ ತಂಡ ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಸೇರಿತು. 1795ರಲ್ಲಿ ಬಡವರಿಗಾಗಿ ಕಟ್ಟಿಸಿದ ಮೂರಂತಸ್ತಿನ ಕಲ್ಲುಮನೆ ಅದು. ಹೊರಗೆ ರೋಲಿಂಗ್ ಸ್ಟೋನ್ಸ್ ತಂಡದ ರೆಕಾರ್ಡಿಂಗ್ ಲಾರಿ. ತಂಡದ ಡ್ರಮ್ಮರ್ ಜಾನ್ ಬೋನಮ್‌ಗೆ ಬಂದ ಹೊಸ ಡ್ರಮ್ ಸೆಟ್ಟನ್ನು ಮೆಟ್ಟಿಲ ಬುಡದ ಪಡಸಾಲೆಯಲ್ಲೇ ಜೋಡಿಸಿದರು. ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಮಹಡಿಯ ಕಟಕಟೆಯಿಂದ ಬೇಯರ್ ಎಂ160 ಮೈಕು ಎರಡನ್ನು ಇಳಿಬಿಟ್ಟರು. ಅಷ್ಟೇ. ಕಿಕ್ಕಿಗೆ ಬೇರೆ ಮೈಕಿಲ್ಲ, ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿಗೂ ಇಲ್ಲ.

ಗುಟ್ಟಿರುವುದು ಆ ದೂರದಲ್ಲಿ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಚರ್ಮಕ್ಕೆ ಅಂಟಿಸಿದಂತೆ ಮೈಕಿಟ್ಟರೆ ಕೋಲು ತಾಗಿದ ಟಪ್ ಎಂಬ ಸದ್ದಷ್ಟೇ ಸಿಗುತ್ತದೆ. ಮೇಲಕ್ಕೆ ಒಯ್ದರೆ ಗೋಡೆಗೆ ಬಡಿದು ಬಂದ ಮೊಳಗೂ ಅದರೊಳಗೆ ಬೆರೆಯುತ್ತದೆ. ಎಂ160 ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ರಿಬ್ಬನ್ ಮೈಕು, ಸಿಂಬಲ್ ಎಂಬ ಲೋಹದ ತಟ್ಟೆಯ ಚೂಪು ಸದ್ದನ್ನು ಮೃದುವಾಗಿಸುತ್ತದೆ. ಆಮೇಲೆ ಲಾರಿಯಲ್ಲಿದ್ದ, ಜೋರು ಸದ್ದನ್ನು ತಗ್ಗಿಸುವ ಲಿಮಿಟರಿನಲ್ಲಿ ಸದ್ದನ್ನು ಗಟ್ಟಿಯಾಗಿ ಅದುಮಿದರು. ಪೆಟ್ಟಿನ ತುದಿ ತಗ್ಗಿತು, ಪೆಟ್ಟುಗಳ ನಡುವಿನ ಗುಂಯ್‌ಗುಡುವಿಕೆ ಮೇಲೆದ್ದು ಬಂತು. ಜೊತೆಗೆ ಬಿನ್ಸನ್ ಎಕೋರೆಕ್ ಎಂಬ ಪ್ರತಿಧ್ವನಿ ಯಂತ್ರ. ಮೊದಲು ಹೇಳಿದ ಎರಡನೆಯ ಪೆಟ್ಟು ಅದರದೇ.

ಇದನ್ನು ಅನುಕರಿಸಲು ಹೋದವರು ಸಾಮಾನ್ಯವಾಗಿ ಸೋಲುವುದು ಸಿಂಬಲ್ಲಿನಲ್ಲಿ. ಹೀಗೆ ಸದ್ದನ್ನು ಅದುಮುವ ಕಂಪ್ರೆಸರ್ ಕೋಣೆಯ ಗುಂಗಿನ ಜೊತೆ ಸಿಂಬಲ್ಲನ್ನೂ ಎತ್ತಿಬಿಡುತ್ತದೆ. ಜೋರಾಗಿ ಬಾರಿಸಿದರೆ ಎಲ್ಲವೂ ಸುಸ್ಸೆನ್ನುವ ನೊರೆ. ಎರಡೇ ಮೈಕಿದ್ದಾಗ ಆಮೇಲೆ ಸ್ನೇರನ್ನು ಬೇರೆಯಾಗಿ ಏರಿಸುವಂತಿಲ್ಲ. ಹದವೆಲ್ಲ ಬಾರಿಸುವ ಕೈಕಾಲಿನಲ್ಲೇ ಇರಬೇಕು. ಬೋನಮ್‌ಗೆ ಅದಿತ್ತು, ಉಳಿದ ಸಲಕರಣೆಗಿಂತ ಅದೇ ದೊಡ್ಡದು.

ಮೂಲ ಹಾಡು ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ 1929ರಲ್ಲಿ ಮುದ್ರಿಸಿದ ಬ್ಲೂಸ್. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ, ದಡದ ಏರಿ (ಲೆವೀ) ಒಡೆದು ಮನೆಮಠ ಕಳೆದುಕೊಂಡವರ ಹಾಡು. ತಂಡದ ಗಿಟಾರಿಸ್ಟ್ ಜಿಮ್ಮಿ ಪೇಜ್ ಆ ನೀರಿನ ಭಾರವನ್ನು ಟೇಪಿನಲ್ಲೇ ತಂದರು. ಕೆಲವು ಭಾಗಗಳನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನಿಸಿದರು. ಹಾರ್ಮೋನಿಕಾ ಕೆಸರಿನಲ್ಲಿ ಕಾಲೆಳೆದಂತೆ ಕೇಳುವುದು ಅದಕ್ಕೇ. ಅದಕ್ಕೆ ಹಿಮ್ಮುಖ ಪ್ರತಿಧ್ವನಿಯೂ ಇದೆ: ಟೇಪನ್ನು ತಿರುಗಿಸಿ ಹಾಕಿ ಪ್ರತಿಧ್ವನಿ ಹಿಡಿದು ಮತ್ತೆ ಸರಿಮಾಡಿದರೆ, ಸ್ವರಕ್ಕಿಂತ ಮೊದಲೇ ಅದರ ನೆರಳು ಬರುತ್ತದೆ.

1971ರ ನವೆಂಬರಿನಲ್ಲಿ ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡಾಗಿ ಇದು ಹೊರಬಂತು. ವೇದಿಕೆಗೆ ಒಗ್ಗಲಿಲ್ಲ, 1975ರ ಅಮೆರಿಕಾ ಪ್ರವಾಸದಲ್ಲಿ ಕೆಲವೇ ಸಲ ನುಡಿಸಿ ಬಿಟ್ಟರು. ಆದರೆ 1986ರಲ್ಲಿ ಅಮೆರಿಕಾದ ಹಿಪ್‌ಹಾಪ್ ತಂಡ ಬೀಸ್ಟಿ ಬಾಯ್ಸ್ ತಮ್ಮ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನೇ ಈ ಡ್ರಮ್ಮಿನ ಮೇಲೆ ಕಟ್ಟಿದರು. ಆಮೇಲೆ ಹಿಪ್‌ಹಾಪ್‌ನವರು ಇದನ್ನು ಮತ್ತೆ ಮತ್ತೆ ಕತ್ತರಿಸಿ ಬಳಸಿದ್ದಾರೆ. ಅವರಿಗೆ ಬೇಕಾದದ್ದು ಆ ಆರಂಭದ ತುಣುಕು: ಡ್ರಮ್ಮು, ಮತ್ತು ಅದರ ಸುತ್ತ ಮೆಟ್ಟಿಲ ಗಾಳಿ.