ಪಟ್ಟಿ ಏರುವುದು ತಡವಾಗಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಎಂಆರ್‌ಐ ಯಂತ್ರಗಳಿಗೆ ಬರವಿಲ್ಲ. ಆದರೆ ಬೆನ್ನುನೋವಿಗೆ ತೆಗೆಸುವ ಸ್ಕ್ಯಾನೇ ಬೇರೆ, ಖಿನ್ನತೆಗೆಂದು ಅದೇ ಯಂತ್ರದೊಳಗೆ ಮಲಗಿಸಿ ಕೊಡುವ ನ್ಯೂರೋಫೀಡ್‌ಬ್ಯಾಕ್ ತರಬೇತಿಯೇ ಬೇರೆ.

ಇದರಲ್ಲಿ ಯಂತ್ರ ಸುಮಾರು ಎರಡು ಸೆಕೆಂಡಿಗೊಮ್ಮೆ ಮಿದುಳಿನ ಚಿತ್ರ ಹಿಡಿಯುತ್ತದೆ. ಎಡಗಡೆಯ ಅಮಿಗ್ಡಲಾದ, ಅಂದರೆ ಬಾದಾಮಿಯಷ್ಟು ಗಾತ್ರದ ಭಾವನೆಯ ಕೇಂದ್ರದ, ರಕ್ತದ ಸಂಕೇತವನ್ನು ಕಂಪ್ಯೂಟರು ತೆರೆಯ ಮೇಲೆ ಏರಿಳಿಯುವ ಕೆಂಪು ಪಟ್ಟಿಯಾಗಿ ತೋರಿಸುತ್ತದೆ. ಒಳಗೆ ಮಲಗಿದವರು ಅದನ್ನು ನೋಡುತ್ತ, ಖುಷಿಯ ನೆನಪು ತಂದುಕೊಂಡು ಪಟ್ಟಿಯನ್ನು ಏರಿಸಬೇಕು. ಅಮೆರಿಕದ ಟಲ್ಸಾದ ಪ್ರಯೋಗದಲ್ಲಿ 40 ಸೆಕೆಂಡು ವಿಶ್ರಾಂತಿ, 40 ಸೆಕೆಂಡು ಖುಷಿಯ ನೆನಪು, 40 ಸೆಕೆಂಡು ಹಿಮ್ಮುಖ ಎಣಿಕೆ, ಹೀಗೆ ಸರದಿ.

ಕಷ್ಟವಿರುವುದು ನೆನಪಿನಲ್ಲಿ. ಖಿನ್ನತೆ ನೆನಪುಗಳನ್ನು ಮಬ್ಬಾಗಿಸುತ್ತದೆ. ‘ಜಾತ್ರೆ ಚಲೋ ಇರ್ತಿತ್ತು’ ಎಂದರೆ ಸಾಲದು. ಸಿದ್ಧಾರೂಢರ ತೇರಿನ ದಿನ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ರೊಕ್ಕ, ಅಂಗೈಗೆ ಅಂಟಿದ ಬತ್ತಾಸಿನ ಪುಡಿ, ಅಷ್ಟು ಹತ್ತಿರ ಹೋಗಬೇಕು. ಆ ಅಜ್ಜಿ ಈಗಿಲ್ಲವೆಂಬ ಸಂಕಟ ಉಕ್ಕಿದರೆ ಆ ನೆನಪನ್ನು ಬಿಟ್ಟು ಬೇರೊಂದನ್ನು ಹಿಡಿಯಬೇಕು. ಏಕೆಂದರೆ ಅಮಿಗ್ಡಲಾ ಭಯಕ್ಕೂ ಏಳುತ್ತದೆ. ಪಟ್ಟಿ ಏರಿದ್ದೆಲ್ಲ ಸಂತೋಷವಲ್ಲ. ಮೂರಾದರೂ ನೆನಪು ಮೊದಲೇ ಬರೆದಿಟ್ಟುಕೊಂಡು ಹೋಗುವುದು ಒಳ್ಳೆಯದು.

ಮಿದುಳಿನ ಭಾಗ ಚುರುಕಾದರೂ ಪಟ್ಟಿ ತೋರಿಸುವ ರಕ್ತದ ಬದಲಾವಣೆ ನಾಲ್ಕಾರು ಸೆಕೆಂಡು ತಡವಾಗಿ ಬರುತ್ತದೆ. ಪಟ್ಟಿ ಅಲುಗಲಿಲ್ಲವೆಂದು ಕೂಡಲೇ ನೆನಪು ಬದಲಿಸಿದರೆ ಹಳೆಯದರ ಫಲ ಹೊಸದರ ಲೆಕ್ಕಕ್ಕೆ ಬೀಳುತ್ತದೆ. ಉಸಿರು ಬಿಗಿಹಿಡಿಯಲೂ ಬಾರದು: ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ, ನಾಳಗಳು ಹಿಗ್ಗಿ, ಪಟ್ಟಿ ಸುಳ್ಳೇ ಏರುತ್ತದೆ. ತಲೆ ಎರಡು ಮಿಲಿಮೀಟರ್ ಸರಿದರೂ ಇಷ್ಟು ಸಣ್ಣ ಜಾಗದ ಲೆಕ್ಕ ಕೆಡುತ್ತದೆ.

ಫಲಿತಾಂಶ? 2017ರ ಟಲ್ಸಾ ವರದಿಯಲ್ಲಿ ಅಮಿಗ್ಡಲಾ ತರಬೇತಿ ಪಡೆದ 19 ಜನರಲ್ಲಿ 12 ಮಂದಿಯ ಖಿನ್ನತೆಯ ಅಂಕ ಅರ್ಧಕ್ಕೂ ಕೆಳಗಿಳಿಯಿತು. ಬೇರೆ ಭಾಗದ ಸಂಕೇತ ನೋಡಿದ 17 ಜನರಲ್ಲಿ ಇಬ್ಬರದು ಮಾತ್ರ. ಆದರೆ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಕಾರ್ಡಿಫ್‌ನ 43 ಜನರ ಪ್ರಯೋಗದಲ್ಲಿ ಭಾವನೆಯ ಭಾಗಗಳನ್ನು ಪಳಗಿಸಿದವರೂ ದೃಶ್ಯ ಗುರುತಿಸುವ ಭಾಗವನ್ನು ಪಳಗಿಸಿದವರೂ ಸಮನಾಗಿ ಸುಧಾರಿಸಿದರು. ಮನಸ್ಸನ್ನು ತಾನೇ ತಿದ್ದಬಲ್ಲೆನೆಂಬ ಧೈರ್ಯವೇ ಮದ್ದಾಯಿತೇ ಎಂಬ ಪ್ರಶ್ನೆ ಹಾಗಾಗಿ ಇನ್ನೂ ಉಳಿದಿದೆ. ನಮ್ಮ ದೃಷ್ಟಿಯಲ್ಲಿ ಇದು ಭರವಸೆಯ ಸಂಶೋಧನೆ, ದುಡ್ಡು ತೆತ್ತು ಕೊಳ್ಳುವ ಚಿಕಿತ್ಸೆಯಲ್ಲ.

ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಇನ್ನೊಂದು ಬಗೆಯಿದೆ: ತಲೆಗೆ ತಂತಿಯ ಟೊಪ್ಪಿಗೆ ಹಾಕಿ ಮಾಡುವ ಇಇಜಿ ತರಬೇತಿ. ಅದು ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುತ್ತದೆ. ಅಷ್ಟು ಆಳದ ಅಮಿಗ್ಡಲಾವನ್ನು ನೇರವಾಗಿ ಹಿಡಿಯಲಾರದು. ಎರಡನ್ನೂ ಒಂದೇ ಎಂದು ಹೇಳುವವರಿಂದ ದೂರವಿರಿ.

ಇನ್ನೊಂದು: ಟಲ್ಸಾದವರು ಗುಳಿಗೆ ತೆಗೆದುಕೊಳ್ಳದವರನ್ನೇ ಆರಿಸಿಕೊಂಡಿದ್ದರು. ಅದನ್ನೋದಿ ನಿಮ್ಮ ಗುಳಿಗೆ ನಿಲ್ಲಿಸಬೇಡಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ರಾತ್ರಿ ಜೀವ ಬೇಡವೆನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.