ಗೋಳದ ಮೇಲೆ ಎಂಟು ಆವೇಶಗಳು: ಮೂರನೆಯ ವಾರದ ಟಿಪ್ಪಣಿ

ಗೋಳವೊಂದರ ಮೈಮೇಲೆ ಸಮಾನ ವಿದ್ಯುದಾವೇಶಗಳನ್ನು ಬಿಟ್ಟರೆ, ಅವು ಯಾವ ವಿನ್ಯಾಸದಲ್ಲಿ ನೆಲೆಗೊಂಡಾಗ ಒಟ್ಟು ಪ್ರಚ್ಛನ್ನ ಶಕ್ತಿ ಕನಿಷ್ಠವಾಗುತ್ತದೆ? ಜೆ. ಜೆ. ಥಾಮ್ಸನ್ ಅವರ 1904ರ ಪರಮಾಣು ಮಾದರಿಯಿಂದ ಹುಟ್ಟಿದ ಈ ಪ್ರಶ್ನೆಗೆ ಬಿಡುವಿನ ವೇಳೆಯಲ್ಲಿ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ತ್ರಿಜ್ಯ, ಆವೇಶ ಮತ್ತು ಕೂಲಂಬ್ ಸ್ಥಿರಾಂಕ ಮೂರನ್ನೂ 1 ಎಂದಿಟ್ಟುಕೊಂಡಿರುವುದರಿಂದ, ಪ್ರತಿ ಜೋಡಿಯ ಶಕ್ತಿಯೆಂದರೆ ಅವೆರಡರ ನಡುವಣ ದೂರದ ವಿಲೋಮ, ಅಷ್ಟೇ.

ಮೊದಲ ವಾರ ಹಾಳಾದದ್ದು ನನ್ನದೇ ತಪ್ಪಿನಿಂದ. ಗೋಳದ ಎದುರುಬದುರು ತುದಿಗಳಲ್ಲಿರುವ ಎರಡು ಆವೇಶಗಳಿಗೆ 0.5 ಬರಬೇಕಾದಲ್ಲಿ 1 ಬರುತ್ತಿತ್ತು. ಒಂದೇ ಜೋಡಿಯನ್ನು ಎರಡೂ ಕಡೆಯಿಂದ ಎಣಿಸಿದ್ದೆ. ಅದನ್ನು ತಿದ್ದಿದ ಮೇಲೆ ಮೂರಕ್ಕೆ 1.7321, ನಾಲ್ಕಕ್ಕೆ 3.6742 ಸರಿಯಾಗಿಯೇ ಬಂದವು.

ಈ ವಾರದ ಸಂಖ್ಯೆ ಎಂಟು. ಘನದ ಎಂಟು ಮೂಲೆಗಳೇ ಉತ್ತರವಿರಬೇಕೆಂದು ಯಾರಿಗಾದರೂ ತೋಚುತ್ತದೆ, ನನಗೂ ತೋಚಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆ: ಒಟ್ಟು 28 ಜೋಡಿಗಳಲ್ಲಿ 12 ಅಂಚುಗಳಿಂದ 10.3923, ಮುಖಗಳ 12 ಕರ್ಣಗಳಿಂದ 7.3485, ಒಳಗಿನ 4 ಕರ್ಣಗಳಿಂದ 2, ಕೂಡಿದರೆ 19.7408. ಪ್ರೋಗ್ರಾಮನ್ನು ಘನದಿಂದಲೇ ಆರಂಭಿಸಿದಾಗ ಅದೂ ಇದೇ ಸಂಖ್ಯೆ ತೋರಿಸಿ, ಎಷ್ಟು ಸುತ್ತು ಓಡಿಸಿದರೂ ಒಂದು ಬಿಂದುವನ್ನೂ ಕದಲಿಸಲಿಲ್ಲ. ಸಮ್ಮಿತಿಯ ಕಾರಣ ಪ್ರತಿ ಮೂಲೆಯ ಮೇಲಿನ ಒಟ್ಟು ಬಲ ನೇರ ಹೊರಮುಖವಾಗಿದ್ದು, ಗೋಳದ ಮೈಯುದ್ದಕ್ಕೆ ತಳ್ಳುವ ಅಂಶ ಶೂನ್ಯವಾಗಿತ್ತು. ಕನಿಷ್ಠ ಸಿಕ್ಕಿತೆಂದು ಒಂದು ಸಂಜೆಯೆಲ್ಲ ನಂಬಿದ್ದೆ.

ಮರುದಿನ ಬಿಂದುಗಳನ್ನು ಸಾವಿರದಲ್ಲೊಂದು ಭಾಗದಷ್ಟು ಯಾದೃಚ್ಛಿಕವಾಗಿ ಅಲುಗಿಸಿ ಬಿಟ್ಟೆ. ಶಕ್ತಿ ಕೆಲಹೊತ್ತು ಅಲ್ಲೇ ತಡವರಿಸಿ, ಆಮೇಲೆ ಸರಸರನೆ ಇಳಿದು 19.6753ಕ್ಕೆ ನಿಂತಿತು. ಘನವೆಂಬುದು ಕಣಿವೆಯಲ್ಲ, ಎರಡು ಗುಡ್ಡಗಳ ನಡುವಿನ ಕಣಿವೆದಾರಿಯ ನೆತ್ತಿಯಂಥದ್ದು.

ಹೊಸ ವಿನ್ಯಾಸವನ್ನು ಥರ್ಮಾಕೋಲ್ ಚೆಂಡಿಗೆ ಗುಂಡುಸೂಜಿ ಚುಚ್ಚಿ ನೋಡಿದೆ. ಘನದ ಮೇಲ್ಮುಖದ ನಾಲ್ಕು ಬಿಂದುಗಳ ಚೌಕ ಕೆಳಮುಖದ ಚೌಕಕ್ಕಿಂತ 45 ಡಿಗ್ರಿ ತಿರುಗಿ, ಅದರ ಮೂಲೆಗಳು ಕೆಳಗಿನ ಮೂಲೆಗಳ ನಡುವಿನ ತೆರಪಿಗೆ ಬಂದಿದ್ದವು. ಬರೀ ತಿರುಗಿಸುವುದರಿಂದಲೇ ಶಕ್ತಿ 19.6816ಕ್ಕೆ ಇಳಿಯುತ್ತದೆ, ಉಳಿದ ಸಣ್ಣ ಇಳಿಕೆಗೆ ಕಾರಣ, ಎರಡೂ ಚೌಕಗಳು ಸಮಭಾಜಕದತ್ತ ಸರಿದು, ಅವುಗಳ ಎತ್ತರ 0.577ರಿಂದ ಸುಮಾರು 0.56ಕ್ಕೆ ಬರುವುದು. ಪರಸ್ಪರ ಹತ್ತಿರವಾದರೂ ಒಟ್ಟು ಶಕ್ತಿ ತಗ್ಗುವುದು ಮೊದಲಿಗೆ ವಿಚಿತ್ರವೆನಿಸಿತು; ಆದರೆ ಸರಿದಾಗ ಪ್ರತಿ ಚೌಕವೂ ಹಿಗ್ಗುತ್ತದೆ, ಆ ಲಾಭವೇ ಹೆಚ್ಚು.

ಈಗ ಪ್ರತಿ ಆರಂಭಕ್ಕೂ ಅಲುಗಾಟವನ್ನು ಕಡ್ಡಾಯ ಮಾಡಿದ್ದೇನೆ. ಮುಂದಿನ ಸರದಿ 20ರದು. ಅಲ್ಲಿಯೂ ದ್ವಾದಶಮುಖಿಯ (ಹನ್ನೆರಡು ಪಂಚಭುಜ ಮುಖಗಳ ಆಕೃತಿಯ) 20 ಮೂಲೆಗಳು ಕನಿಷ್ಠವಲ್ಲ.