ಅಂಗಿ ಬಿಚ್ಚದ ನಾಲ್ಕು ಬೇಸಿಗೆ

ಕಲಬುರಗಿ ಬಿಸಿಲು ಗೊತ್ತಿದ್ದವರಿಗೆ ನನ್ನ ಪಾಡು ಬೇಗ ಅರ್ಥವಾಗುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ. ಕರೆಂಟ್ ಹೋದರೆ ಮನೆಯ ಗಂಡಸರೆಲ್ಲ ಬನಿಯನ್ನು ಕಿತ್ತೆಸೆದು ಮಾಳಿಗೆ ಮೇಲೆ ಮಲಗುತ್ತಾರೆ. ನಾನು ಮಾತ್ರ ನಾಲ್ಕು ಬೇಸಿಗೆ ದಪ್ಪ ಅಂಗಿ ಹಾಕಿಕೊಂಡೇ ಬೆವರಿದೆ. "ಯಾಕಪಾ, ಥಂಡಿ ಹತ್ಯಾದೇನು?" ಅಂತ ಕಾಕಾ ಚೇಷ್ಟೆ ಮಾಡುತ್ತಿದ್ದರು.

ನನಗೆ 23 ಇದ್ದಾಗ ಎದೆಯ ಎಡಗಡೆ ತೊಟ್ಟಿನ ಕೆಳಗೆ ಅಂಗಿಯ ಗುಂಡಿಯಂಥ ಗಟ್ಟಿ ಗಂಟೊಂದು ಕೈಗೆ ಸಿಕ್ಕಿತು. ಅಂಗಿ ಉಜ್ಜಿದರೂ ನೋವು. ಕೆಲವೇ ತಿಂಗಳಲ್ಲಿ ಎರಡೂ ಕಡೆ ಉಬ್ಬಿ, ಟೀ ಶರ್ಟ್ ಹಾಕಿದರೆ ಎದ್ದು ಕಾಣತೊಡಗಿತು. ಆಗ ನಾನು ದಿನಾ ಸಂಜೆ ಗೆಳೆಯರ ಜೊತೆ ತೊಗರಿ ಹೊಲದ ಬದುವಿನಲ್ಲಿ ಕೂತು ಗಾಂಜಾ ಸೇದುತ್ತಿದ್ದೆ. ಅವರಲ್ಲೇ ಒಬ್ಬ ನಕ್ಕು, "ಇದು ಸೇದಿದ್ದಕ್ಕೇ ಲೇ" ಅಂದ. ಮೊಬೈಲ್‌ನಲ್ಲಿ ಹುಡುಕಿದರೆ ಅಲ್ಲೂ ಅದೇ ಮಾತು. ಮುಗೀತು, ಕಳ್ಳ ಸಿಕ್ಕ ಅಂದುಕೊಂಡೆ. ಕಳ್ಳ ಸಿಕ್ಕ ಮೇಲೆ ಡಾಕ್ಟರ್ ಯಾಕೆ, ಅಲ್ವಾ? ಅವರ ಹತ್ತಿರ ಹೋದರೆ ಗಾಂಜಾ ವಿಷಯ ಬಾಯಿ ಬಿಡಬೇಕು, ಅಂಗಿಯನ್ನೂ ಬಿಚ್ಚಬೇಕು.

ಆದರೆ ಒಂದು ಅನುಮಾನ ಸುಮ್ನೆ ಕೊರೆಯುತ್ತಿತ್ತು. ನಮ್ಮ ಕಡೆ ಗಾಂಜಾ ಬರೀ ಹುಡುಗರ ಚಟವಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದ. (ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಗೆ ಆ ಭಕ್ತಿಯೆಲ್ಲ ತಿಳಿಯುವುದಿಲ್ಲ ಬಿಡಿ.) ನಮ್ಮಜ್ಜನ ಜೊತೆಗಾರರು ಜೀವಮಾನವಿಡೀ ಚಿಲುಮೆ ಎಳೆದವರು, ಒಬ್ಬೊಬ್ಬರ ಎದೆಯೂ ಹಲಗೆ ಇದ್ದಂಗೆ ಇತ್ತು.

ಕೊನೆಗೆ ಹೋಗಿದ್ದು 27ಕ್ಕೆ. ಅದೂ ಮದುವೆ ಮಾತು ಶುರುವಾಯಿತು ಅಂತ.

ಡಾಕ್ಟರ್ ನಗಲಿಲ್ಲ. ಬೆರಳಲ್ಲಿ ಒತ್ತಿ ನೋಡಿ, "ಬರೀ ಕೊಬ್ಬಾಗಿದ್ದರೆ ಮೆತ್ತಗಿರುತ್ತೆ, ಇದು ಸ್ತನದ ಗ್ರಂಥಿ" ಅಂದರು. ಗಂಡಸರಲ್ಲಿ ಅದು ಹೀಗೆ ಬೆಳೆಯುವುದಕ್ಕೆ ಹೆಸರು ಗೈನೆಕೊಮಾಸ್ಟಿಯಾ. ಹೆಣ್ಣಿನ ಹಾರ್ಮೋನ್ ಅನ್ನುವ ಈಸ್ಟ್ರೊಜೆನ್ ಗಂಡಸರ ಮೈಯಲ್ಲೂ ಇರುತ್ತದೆ. ಅದು ಗಂಡಿನ ಹಾರ್ಮೋನ್ ಟೆಸ್ಟೊಸ್ಟೆರಾನ್‌ಗಿಂತ ಮೇಲುಗೈ ಆದರೆ ಈ ಗ್ರಂಥಿ ಬೆಳೆಯುತ್ತದಂತೆ. ಆಮೇಲೆ ಪ್ರಶ್ನೆಗಳ ಸುರಿಮಳೆ. ಜಿಮ್‌ನಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಂಡಿದ್ದೀಯಾ, ಕುಡಿಯುತ್ತೀಯಾ, ಬಿಪಿಗೆ, ಕೂದಲಿಗೆ, ಹೊಟ್ಟೆಯುರಿಗೆ ಯಾವ ಮಾತ್ರೆ ತಗೋತೀಯಾ. ಲಿವರ್, ಥೈರಾಯ್ಡ್ ಪರೀಕ್ಷೆಗೆ ರಕ್ತ ಬರೆದರು. ವೃಷಣದಲ್ಲಿ ಗಡ್ಡೆ ಇದ್ದರೂ ಎದೆ ಉಬ್ಬಬಹುದು ಅಂತ ಅಲ್ಲೂ ನೋಡಿದರು. ಆಗ ಮಾತ್ರ ನನ್ನ ಕಾಲು ತಣ್ಣಗಾಯಿತು. ನಾಲ್ಕು ವರ್ಷ ಗಾಂಜಾ ಗಾಂಜಾ ಅಂತ ಕೂತವನಿಗೆ ಇದೊಂದೂ ಹೊಳೆದಿರಲಿಲ್ಲ. ಪುಣ್ಯಕ್ಕೆ ಎಲ್ಲ ಸರಿಯಿತ್ತು.

ಗಾಂಜಾ ಬಗ್ಗೆ ಕೇಳಿದೆ. ಆ ಮಾತು ಜೋರಾಗಿ ಎದ್ದದ್ದು 1972ರಲ್ಲಂತೆ. ಗಾಂಜಾ ಸೇದುತ್ತಿದ್ದ ಮೂವರು ಯುವಕರ ಬಗ್ಗೆ ಅಮೆರಿಕದ ವೈದ್ಯರು ಬರೆದರು. ಮೂರೇ ಜನ! 1977ರಲ್ಲಿ ಅಲ್ಲಿನ ಎದೆ ಉಬ್ಬಿದ ಸೈನಿಕರನ್ನು ಉಬ್ಬದವರ ಜೊತೆ ಹೋಲಿಸಿ ನೋಡಿದಾಗ ನಂಟು ಕಾಣಲಿಲ್ಲ, ಅದೂ ಸಣ್ಣ ಅಧ್ಯಯನವೇ. ಹಾರ್ಮೋನ್ ಏರುಪೇರು ಮಾಡಬಹುದು ಅನ್ನುವ ಅನುಮಾನ ಇನ್ನೂ ಇದೆ, ಗಟ್ಟಿ ಸಾಕ್ಷಿ ಇಲ್ಲ. "ಇರಲಿ, ನೀನು ಬಿಡು" ಅಂದರು. ಬಿಟ್ಟೆ. ನೋವು ಹೋಯಿತು, ಗಂಟು ಹೋಗಲಿಲ್ಲ. ಶುರುವಿನಲ್ಲೇ ಬಂದಿದ್ದರೆ ಮಾತ್ರೆಯಲ್ಲಿ ಕರಗುವ ಸಾಧ್ಯತೆ ಇತ್ತಂತೆ. ವರ್ಷ ದಾಟಿದರೆ ಗ್ರಂಥಿ ನಾರಿನಂತೆ ಗಟ್ಟಿಯಾಗುತ್ತದೆ, ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನನಗೆ ಆಪರೇಷನ್ನೇ ಆಯಿತು. ತೊಟ್ಟಿನ ಸುತ್ತ ಸಣ್ಣ ಗೀರು ಉಳಿದಿದೆ.

ಮೊನ್ನೆ ಅಕ್ಕನ ಮಗ, 14 ವರ್ಷದವನು, ಬಾವಿಗೆ ಅಂಗಿ ಸಮೇತ ಇಳಿಯುತ್ತಿದ್ದ. ನನಗೆ ತಕ್ಷಣ ಗೊತ್ತಾಯಿತು. ಪಕ್ಕಕ್ಕೆ ಕರೆದು, ಈ ವಯಸ್ಸಿನಲ್ಲಿ ಅರ್ಧಕ್ಕರ್ಧ ಹುಡುಗರಿಗೆ ಹೀಗಾಗುತ್ತದೆ, ಒಂದೆರಡು ವರ್ಷದಲ್ಲಿ ಜಾಸ್ತಿ ಜನರಿಗೆ ತಾನೇ ಇಳಿಯುತ್ತದೆ, ಇಳಿಯದಿದ್ದರೆ ನಾನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದೆ. ನನ್ನ ಗೀರನ್ನೂ ತೋರಿಸಿದೆ. "ಖರೇನಾ ಮಾಮಾ?" ಅಂದ. ಆಮೇಲೆ ಅಂಗಿ ಹಾಕಿಕೊಂಡೇ ಬಾವಿಗೆ ಜಿಗಿದ.